ಎರಡು ರಿಂಗಿನ ನಂತರ

ಸುಧಕ್ಕಾ,

ಇವತ್ತು ತಿಳವಳ್ಳಿಯ ನಮ್ಮ ಮನೆಯ ಫೋನಿನ ಹಳೇ ತಂತಿ ತೆಗೆಸಿದೆ. ಇನ್ನು ಕರೆಗಳೆಲ್ಲ ಇಂಟರ್ನೆಟ್‌ನಲ್ಲೇ ಬರುತ್ತವೆ. ಶಿಗ್ಗಾಂವಿಯಿಂದ ನಾನೇ ತಂದ ರೌಟರಿಗೆ ಲೈನ್‌ಮನ್ ಉಳಿವೆಪ್ಪ ಅದೇ ಕೆಂಪು ಫೋನು ಜೋಡಿಸಿದ. "ಹೊಸಾ ನಂಬರ್ ಆದ್ರ ಲಗೂ ಆಕ್ಕಿತ್ತು ನೋಡ್ರಿ" ಎಂದು ಗೊಣಗಿದ. ಹಳೆಯದೇ ಬೇಕೆಂದು ಹಟ ಹಿಡಿದೆ. ನಿನಗೆ ಬಾಯಿಪಾಠವಿದ್ದದ್ದು ಅದೊಂದೇ.

ನೀನು ಮಾತು ಮೀರಿ ಮದುವೆಯಾದ ಮೇಲೆ, ನಿನ್ನ ಫೋನು ಯಾರೂ ಎತ್ತಬಾರದೆಂದು ಅಪ್ಪ ಹೇಳಿದ್ದ. ಅದಕ್ಕೇ ನೀನು ಪ್ರತಿ ಸೋಮವಾರ ಎರಡು ರಿಂಗ್ ಕೊಟ್ಟು ಇಟ್ಟುಬಿಡುತ್ತಿದ್ದೆ. ಆರಾಮಿದ್ದೇನೆ ಎಂದು ಅದರರ್ಥ. ಒಂದು ಸೋಮವಾರ ಮಾತ್ರ ಫೋನು ನಿಲ್ಲದೆ ಹೊಡೆದುಕೊಂಡಿತು. ಅಪ್ಪ ಎದುರಿಗೇ ಕುಳಿತಿದ್ದ. ನಾನು ಎತ್ತಲಿಲ್ಲ. ಬುಧವಾರ, ನಿನ್ನನ್ನು ಮಣ್ಣು ಮಾಡಿದ ಸುದ್ದಿ ಬಂತು.

ಇವತ್ತು ಜೋಡಣೆ ಮುಗಿದ ಮೇಲೆ ಉಳಿವೆಪ್ಪ ತನ್ನ ಮೊಬೈಲಿನಿಂದ ಕರೆ ಮಾಡಿ ನೋಡಿದ. ಎರಡು ಸಲ ರಿಂಗಾಯಿತು. ಇನ್ನು ನಿಲ್ಲುತ್ತದೆಂದು ಕಾದೆ. ನಿಲ್ಲಲಿಲ್ಲ.

"ಎತ್ರಿ ಅಕ್ಕಾರ, ನಾನ ಹಚ್ಚೇನಿ."

ಎತ್ತಿದೆ. ಅವನು ಪಕ್ಕದಲ್ಲೇ ನಿಂತಿದ್ದ. ಆದರೂ ಫೋನಿನೊಳಗೆ, "ಅಕ್ಕಾ, ಹೇಳು" ಎಂದೆ.