ಹಳೇ ಎಣ್ಣೆಯ ಸೋಪು

ದೇಜೊನ್,
ಅಕ್ಟೋಬರ್ 24

ಪ್ರೀತಿಯ ಅಮ್ಮ,

ನೀನು ಫೋನ್ ಮಾಡಿದಾಗಲೆಲ್ಲ ಕ್ಲಾಸಿದೆ ಅಂದೆ. ಇರಲಿಲ್ಲ. ಸಾರಿ ಅಮ್ಮ. ನಿನ್ನ ದನಿ ಕೇಳಿದರೆ ಮಾತೇ ಹೊರಡುವುದಿಲ್ಲ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿದ್ದವಳು, ನನಗೆ ಕಾಗದವೇ ಸಲೀಸು. ನಡುನಡುವೆ ಇಂಗ್ಲಿಷ್ ನುಸುಳಿದರೆ ಬೈಯಬೇಡ.

ಕೆಮಿಸ್ಟ್ರಿ ಕ್ಲಾಸಿಗೆ ಮಾಡಿದ ಸೋಪು ಚೆನ್ನಾಗಿ ಬಂದಿದೆ. ನಿನ್ನ ಅಂಗಡಿಯಲ್ಲಿ ಮೀನು ಕರಿದು ಕಪ್ಪಾದ ಎಣ್ಣೆ ಅಂದರೆ ಯಾರೂ ನಂಬುವುದಿಲ್ಲ. ಪ್ರೊಫೆಸರ್ ಮೂಸಿ ನೋಡಿ, "ಸ್ವಲ್ಪ ಸ್ಕ್ವಿಡ್ ಮೀನಿನ ವಾಸನೆ, ಆದರೂ ಕ್ಲಾಸಿಗೇ ಫಸ್ಟು" ಅಂದರು. ರೂಮಿನ ಹುಡುಗಿಯರು ಕಿತ್ತಾಡಿ ಬಳಸುತ್ತಾರೆ. ನಾನು ಬರೀ ನೀರಲ್ಲಿ ಕೈ ತೊಳೆಯುತ್ತೇನೆ.

ಚುಸೊಕ್ ಹಬ್ಬದ ಹಿಂದಿನ ದಿನ ನಾನು ಮನೆಯಲ್ಲಿ ಸೋಪಿಗೆ ಎಣ್ಣೆ ಸೋಸುತ್ತಿದ್ದಾಗ ಪಿಲ್ಗ್ಯು ಮಾವ ಬಂದು, "ಏ ಡಾಕ್ಟ್ರಮ್ಮ, ಈ ಎಣ್ಣೇಲಿ ನಾನು ಮೈ ತೊಳೀಬೇಕಾ? ಹರಾಜುಕಟ್ಟೇಲಿ ಬೆಕ್ಕುಗಳೆಲ್ಲ ನನ್ನ ಹಿಂದೆ ಬೀಳ್ತವೆ ಕಣೇ!" ಅಂದಿದ್ದರು. ಏನು ಗಂಟಲು ಅದು! ಬಂದರಿನಲ್ಲಿ ಅವರು ಮೀನಿನ ಬೆಲೆ ಕೂಗಿದರೆ ನಮ್ಮ ಹಿತ್ತಿಲಿಗೆ ಕೇಳುತ್ತಿತ್ತು.

ಸೋಪಿಗೆಂದು ಕಾಸ್ಟಿಕ್ ಸೋಡಾ ಕರಗಿಸಿದ ನೀರು ಉಳಿಯಿತು. ಖಾಲಿ ಸೋಜು ಸಾರಾಯಿ ಬಾಟ್ಲಿಗೆ ಸುರಿದು ಅಡುಗೆಮನೆ ಹಲಗೆ ಮೇಲಿಟ್ಟೆ. ನೀನು ಎಳ್ಳೆಣ್ಣೆ, ವಿನೆಗರ್ ಎಲ್ಲವನ್ನೂ ಸೋಜು ಬಾಟ್ಲಿಯಲ್ಲೇ ಇಡುವವಳು, ನನಗೆ ತಪ್ಪು ಅನ್ನಿಸಲೇ ಇಲ್ಲ. ಲೇಬಲ್ ಇಲ್ಲದ ಬಾಟ್ಲಿ ಇಡಬಾರದು ಅನ್ನೋದು ಲ್ಯಾಬಿನ ಮೊದಲ ಪಾಠ. ಮನೆ ಲ್ಯಾಬ್ ಅಲ್ಲವಲ್ಲ ಅಂದುಕೊಂಡೆ.

ಬೆಳಿಗ್ಗೆ ಹಿರಿಯರಿಗೆ ಎಡೆಯಿಟ್ಟಾದ ಮೇಲೆ ಸೋಜು ಮುಗಿದಿತ್ತು, ಮಾವ ಇನ್ನೊಂದು ಬಾಟ್ಲಿ ಹುಡುಕಿಕೊಂಡು ಅಡುಗೆಮನೆಗೆ ಬಂದರು. ಒಂದೇ ಗುಟುಕು, ಗಂಟಲೆಲ್ಲ ಸುಟ್ಟುಹೋಯಿತು. ಅವರು ಕೂಗಿಕೊಳ್ಳಲೂ ಇಲ್ಲ.

ಆಸ್ಪತ್ರೆಯಲ್ಲಿ ಅತ್ತೆ, "ಬಂದೋರಿಗೆಲ್ಲ ವಿಷ ಇಡ್ತೀರಾ ಅತ್ತಿಗೆ? ಯಾವ ಪಾಪಿ ಇಟ್ಟಿದ್ದು ಅದನ್ನ?" ಅಂತ ನಿನ್ನ ತೋಳು ಹಿಡಿದು ಅಲ್ಲಾಡಿಸಿದಳು. ನೀನು ನನ್ನ ಕಡೆ ನೋಡದೇ "ನಾನೇ ಕಣೇ, ನಾನೇ ಇಟ್ಟಿದ್ದು" ಅಂದುಬಿಟ್ಟೆ. ನಾನು ಬಾಯಿ ಬಿಡಬೇಕಿತ್ತು. ನಿನ್ನ ಬೆನ್ನ ಹಿಂದೆ ನಿಂತು, ಸದ್ಯ ಬಚಾವಾದೆ ಅಂದುಕೊಂಡೆ. ಈಗ ಅತ್ತೆ ನಿನ್ನ ಅಂಗಡಿ ಮುಂದೆ ತಲೆ ತಿರುಗಿಸಿಕೊಂಡು ಹೋಗುತ್ತಾಳಂತೆ. ಹರಾಜು ಕೂಗಲು ಬೇರೆಯವನು ಬಂದಿದ್ದಾನಂತೆ. ಮಾವನ ದನಿ ತಿರುಗಿ ಬರುತ್ತದೋ ಇಲ್ಲವೋ ಡಾಕ್ಟರು ಹೇಳುತ್ತಿಲ್ಲ.

ಅತ್ತೆಗೂ ಇವತ್ತೇ ಬರೆದು ಹಾಕಿದ್ದೇನೆ, ಬಾಟ್ಲಿ ನನ್ನದು ಅಂತ. ಅವಳು ಬಾಗಿಲಿಗೆ ಬಂದರೆ ನೀನು ಮತ್ತೆ ನನ್ನ ತಪ್ಪು ಮುಚ್ಚಿಡಬೇಡ.

ಚಳಿ ಶುರುವಾಯಿತು, ಬಾಣಲೆ ಮುಂದೆ ನಿಂತು ನಿಂತು ಮಂಡಿ ನೋಯಿಸಿಕೊಳ್ಳಬೇಡ. ನಿನ್ನ ಕೈ ಸದಾ ಬೆಚ್ಚಗಿರಲಿ.

ನಿನ್ನ
ಬೊರಮ್

ತಾ.ಕ.: ಅತ್ತೆಗೂ ಬರೆಯಲಾಗದ್ದು ಒಂದಿದೆ. ಬಾಟ್ಲಿ ಎತ್ತಿಕೊಂಡು ಮಾವ ನನ್ನನ್ನು ಕೇಳಿದರು, "ಇದು ಸೋಜುನೇ ತಾನೇ?" ನಾನು ಗೆಳತಿಗೆ ಮೆಸೇಜ್ ಮಾಡುತ್ತಿದ್ದೆ. ತಲೆ ಎತ್ತದೇ "ಹೂಂ" ಅಂದೆ. ಅವರೀಗ ಸ್ಲೇಟಿನ ಮೇಲೆ ಬರೆದು ಬರೆದು ಗಂಜಿಗೆ ಉಪ್ಪಿಲ್ಲ, ಟಿ.ವಿ. ಜೋರು ಮಾಡು ಅಂತೆಲ್ಲ ನರ್ಸನ್ನು ಗೋಳುಹುಯ್ದುಕೊಳ್ಳುತ್ತಾರೆ ಅಂತ ನೀನೇ ಮೆಸೇಜು ಹಾಕಿ ನಕ್ಕಿದ್ದೆ. ಅಮ್ಮ, ನನ್ನ ಆ "ಹೂಂ" ಒಂದನ್ನು ಮಾತ್ರ ಅವರು ಯಾರಿಗೂ ಬರೆದು ತೋರಿಸಿಲ್ಲ.