ನಾಗವ್ವನ ಕೊಡಲಿ, ಸಿಡಿಲಮಾರನ ಕತ್ತಿ

ಫೆಬ್ರವರಿ 2, ಸೋಮವಾರ. ಸಂಜೆ 6

ಇವತ್ತೂ ಹನ್ನೆರಡು ಟ್ರೇ ಇಳಿಸಿದೆ. ಫರ್ನೇಸ್ ಮುಂದೆ ನಿಂತು ನಿಂತು ಮುಖ ಸುಟ್ಟ ಬದನೆಕಾಯಿ. ಊಟದ ಹೊತ್ತಿಗೆ ಮತ್ತೆ ಅದೇ ಜಗಳ — ಯಾರು ಹೆಚ್ಚು, ಕೊಡಲಿಯ ನಾಗವ್ವನೋ, ಕತ್ತಿಯ ಸಿಡಿಲಮಾರನೋ? ಇಬ್ಬರೂ ಬೇರೆ ಬೇರೆ ಸೀರಿಯಲ್‌ನವರು. ಜನ್ಮದಲ್ಲಿ ಎದುರುಬದುರು ಆಗುವವರಲ್ಲ. ನಮ್ಮ ಶೆಡ್ಡಿನಲ್ಲಿ ಮಾತ್ರ ಒಂದು ವರ್ಷದಿಂದ ದಿನಾ ಕಾದಾಡುತ್ತಾರೆ.

ಮಿಲ್ಲಿಂಗ್ ಮೆಷಿನ್‌ನ ಶಶಿಕುಮಾರ್ ಸಿಡಿಲಮಾರನ ಕಡೆ. ನನ್ನ ಸೋದರತ್ತೆಯ ಮಗ ಯಮನೂರ, ನನ್ನದೇ ರೂಮಿನವನು, ಅವನೂ ಆ ಕಡೆಯೇ. ಮನೆಯಲ್ಲೇ ದ್ರೋಹಿ!

"ಕೊಡ್ಲಿ ಏಟಿಗೆ ಕತ್ತಿ ತುಂಡ ಆಗ್ತದ" ಅಂದೆ. ಶಶಿ ಹತ್ತು ಜನರ ಮುಂದೆ ನಕ್ಕ. "ನಿನ್ ನಾಗವ್ವಂಗೆ ಸೌದೆ ಒಡೆಯೋಕ್ ಹೇಳು ಗುರು. ಯುದ್ಧ ಅವಳ ಕೈಲಾಗಲ್ಲ."

ಎಲ್ಲರೂ ನಕ್ಕರು. ಯಮನೂರನೂ. ಮೈಯೆಲ್ಲ ಉರಿಯಿತು. "ಬಾಯಿಮಾತು ಬ್ಯಾಡ, ಮಾಡೇ ನೋಡೂಣು" ಅಂದುಬಿಟ್ಟೆ.

ತೀರ್ಮಾನ ಆಯಿತು. ಸ್ಕ್ರ್ಯಾಪ್ ಪ್ಲೇಟಿನಿಂದ ಶಶಿ ಕತ್ತಿ ಮಾಡಬೇಕು, ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ನಾನು ಕೊಡಲಿ. ಭಾನುವಾರ, ರಾಜಗೋಪಾಲನಗರದಲ್ಲಿ, ನಮ್ಮ ರೂಮಿನ ಓನರ್ ಆಂಜಿನಪ್ಪನವರ ಟೆರೇಸ್ ಮೇಲೆ. ಕತ್ತಿಯ ಮೇಲೆ ಕೊಡಲಿ, ಮೂರು ಏಟು. ಯಾವುದು ಮುರಿಯುತ್ತದೋ ಆ ಕಡೆಯವರ ಮೀಸೆ ಬೋಳು.

ಫೆಬ್ರವರಿ 4, ಬುಧವಾರ

ಕತ್ತಿ ಗೋಣಿಚೀಲದಲ್ಲಿ ಬಂತು. ಹಾಳಾದವನ ಕೈಕೆಲಸ ಚೆನ್ನಾಗಿದೆ. ಆದರೆ ಅದನ್ನು ಗಟ್ಟಿ ಮಾಡುವುದು ನನ್ನ ಫರ್ನೇಸ್‌ನಲ್ಲೇ ಆಗಬೇಕು. ಅವನಿಗೆ ಬೇರೆ ದಾರಿಯಿಲ್ಲ. ಕಂಪನಿ ಮಾಲಿನ ಜೊತೆ ಸೇರಿಸಿ ಕೆಂಪಗೆ ಕಾಯಿಸಿದೆ. ಎಣ್ಣೆಗೆ ಇಳಿಸಿದೆ. ಚುಂಯ್.

ಆಮೇಲೆ ಟೆಂಪರಿಂಗ್... ಎರಡನೇ ಫರ್ನೇಸ್‌ನಲ್ಲಿ ಎರಡು ಗಂಟೆ, ಸಣ್ಣ ಬಿಸಿ. ಎಣ್ಣೆಯಿಂದ ಎದ್ದ ಉಕ್ಕು ಗಟ್ಟಿ ನಿಜ, ಆದರೆ ಗಾಜಿದ್ದ ಹಾಗೆ. ಏಟು ತಡೆಯುವ ಹದ ಬರುವುದು ಆ ಎರಡನೇ ಬಿಸಿಯಲ್ಲೇ. ಮೊದಲ ದಿನವೇ ಕಲಿತ ಪಾಠ.

ಹಾಕಲಿಲ್ಲ. ಒರೆಸಿ ಹಾಗೇ ಕೊಟ್ಟೆ. "ಆತು" ಅಂದೆ.

ಶಶಿ ಬೆನ್ನು ತಟ್ಟಿದ. "ಥ್ಯಾಂಕ್ಸ್ ಮಗಾ. ಎದುರಾಳಿ ಆದ್ರೂ ನಿಯತ್ತಿನ ಮನುಷ್ಯ ಕಣೋ ನೀನು."

ನಾಗವ್ವ ಗೆದ್ದ ಹಾಗೆಯೇ. ಎರಡು ರೊಟ್ಟಿ ಜಾಸ್ತಿ ತಿಂದೆ.

ಫೆಬ್ರವರಿ 5, ಗುರುವಾರ

ಬೆಳಿಗ್ಗೆ ಹೋದರೆ ರ‍್ಯಾಕ್ ಮೇಲಿದ್ದ ತೂತು ಹೊಡೆಯುವ ಒಂದು ಪಂಚ್ ಎರಡು ಹೋಳು. ಯಾರೂ ಮುಟ್ಟಿಲ್ಲ. ಪರಮಾನಂದಣ್ಣ ಒಂದು ಹೋಳನ್ನು ನನ್ನ ಕೈಗಿಟ್ಟರು. ನನಗೆ ಫರ್ನೇಸ್ ಕೆಲಸ ಕಲಿಸಿದವರು. "ಹಿಂದಿನ್ ಶಿಫ್ಟ್‌ನೋರು ಟೆಂಪರ್ ಮಾಡ್ದೆ ಬಿಟ್ಟವ್ರೆ. ತಾನಾಗೇ ಸೀಳೈತೆ ನೋಡು."

ಅವರ ಎಡಗಣ್ಣು ಗಾಜಿನದು. ಗ್ರೈಂಡರ್ ಕಿಡಿ ಬಿದ್ದದ್ದು ಅಂತ ಎಲ್ಲರೂ ಹೇಳುತ್ತಾರೆ. ಇವತ್ತು ಯಾಕೋ ಕೇಳಿಬಿಟ್ಟೆ.

"ಕಿಡಿ ಅಲ್ಲ ಕಣೋ. ಉಳಿ. ಸುತ್ತಿಗೇಲಿ ಒಂದೇಟು ಹಾಕ್ದೆ, ಚೂರು ಹಾರ್ತು. ಟೆಂಪರ್ ಮಾಡ್ದೆ ಕೊಟ್ಟೋನು ನನ್ ದೋಸ್ತು. ಇಪ್ಪತ್ತೆರಡು ವರ್ಷ ಆಯ್ತು, ಇನ್ನೂ ಬಾಯ್ಬಿಟ್ಟಿಲ್ಲ. ನಂಗೆ ಗೊತ್ತು ಅಂತ ಅವನಿಗೆ ಗೊತ್ತಿಲ್ಲ."

ಕತ್ತಿ ಮುರಿಯುತ್ತದೆ ಅಂತಷ್ಟೇ ಲೆಕ್ಕ ಹಾಕಿದ್ದೆ. ಚೂರು ಎಲ್ಲಿಗೆ ಹಾರುತ್ತದೆ ಅಂತ ಯೋಚಿಸಿರಲಿಲ್ಲ.

ಮಧ್ಯಾಹ್ನ 3

ಶಶಿ ಹತ್ತಿರ ಹೋದೆ. "ಕತ್ತಿ ಇನ್ನೊಂದ್ಸಲ ಕೊಡು. ಫರ್ನೇಸ್‌ಗೆ ಹಾಕಬೇಕು."

"ಯಾಕೆ? ಮೆತ್ತಗೆ ಮಾಡೋಕಾ? ಸೋಲ್ತೀನಿ ಅಂತ ಭಯ ಆಯ್ತಾ ಮಗಾ?" ಮಾಲು ಪರೀಕ್ಷಿಸುವ QCಯಲ್ಲಿ ನಿನ್ನೆಯೇ ಹಾರ್ಡ್‌ನೆಸ್ ಬೇರೆ ಚೆಕ್ ಮಾಡಿಸಿದ್ದಾನೆ. ಅರವತ್ನಾಲ್ಕು ಬಂದಿದೆಯಂತೆ. ಬರೆದುಕೊಟ್ಟ ಚೀಟಿ ಎಲ್ಲರಿಗೂ ತೋರಿಸುತ್ತ ಓಡಾಡುತ್ತಿದ್ದಾನೆ. ಮಿಲ್ಲಿಂಗಿನವನಿಗೆ ನಂಬರ್ ದೊಡ್ಡದಿದ್ದರೆ ಸಾಕು, ಖುಷಿ. ಟೆಂಪರ್ ಆಗಿದ್ದರೆ ನಂಬರ್ ಇಳಿದಿರುತ್ತಿತ್ತು, ಆ ಅರವತ್ನಾಲ್ಕೇ ನನ್ನ ಕಳ್ಳತನದ ಗುರುತು ಅಂತ ಅವನಿಗೆ ತಿಳಿಯದು. ಕತ್ತಿ ನಾಗಸಂದ್ರದ ಅವನ ಮನೆ ಬೀರುವಿನಲ್ಲಿದೆ. ಬೀಗ ಹಾಕಿ.

ನಿಜ ಹೇಳಿದರೆ? ಹತ್ತು ಜನ ನಕ್ಕಿದ್ದರು. ಈಗ ಉಗಿಯುತ್ತಾರೆ.

ಫೆಬ್ರವರಿ 7, ಶನಿವಾರ

ಚೀಟಿ ಎತ್ತಿದರು. ಕೊಡಲಿ ಬೀಸುವವನು ನಾನು. ಕತ್ತಿ ಹಿಡಿಯುವವನು ಯಮನೂರ.

ರೂಮಿನಲ್ಲಿ ಅವನು ಲಟ್ಟಣಿಗೆ ಹಿಡಿದು ಪ್ರಾಕ್ಟೀಸ್ ಮಾಡುತ್ತಿದ್ದಾನೆ. "ಮೆಲ್ಲಕ ಹೊಡಿಬ್ಯಾಡಲೇ ಸಿದ್ರಾಮ. ಖರೇ ಏಟು ಹಾಕು. ಮಂದಿ ನೋಡ್ತಿರ್ತಾರ." ಅದನ್ನು ಮುಖದ ಮುಂದೆ ಅಡ್ಡ ಹಿಡಿಯುತ್ತಾನೆ, ಸಿಡಿಲಮಾರ ಹಿಡಿಯುವ ಹಾಗೆಯೇ. ಸರಿಯಾಗಿ ಕಣ್ಣಿನ ಮಟ್ಟಕ್ಕೆ.

ಹೆದರಿಕೆ. ಬೇರೇನೂ ಅಲ್ಲ, ಬರೀ ಹೆದರಿಕೆ.

ಫೆಬ್ರವರಿ 8, ಭಾನುವಾರ. ಬೆಳಿಗ್ಗೆ 9.30

ಟೆರೇಸ್ ಮೆಟ್ಟಿಲ ಮೇಲೆ ಕೂತಿದ್ದೇನೆ. ಮೇಲೆ ಮೂವತ್ತು ಜನವಾದರೂ ಇದ್ದಾರೆ, ಶಿಳ್ಳೆ, ಮೊಬೈಲು. ಕಂಪನಿಯಿಂದ ನಾಲ್ಕು ಸೇಫ್ಟಿ ಕನ್ನಡಕ ತಂದಿದ್ದೇನೆ. ಯಮನೂರನಿಗೆ ಒಂದು ಹಾಕಿಸುತ್ತೇನೆ. ಇಲ್ಲ, ಮೊದಲು ಹೇಳಬೇಕು. ಹೇಳಿಯೇ ಹೇಳುತ್ತೇನೆ. ಒಂದು ಟೀ ಕುಡಿದು...

ಫೆಬ್ರವರಿ 13, ಶುಕ್ರವಾರ. ಮಧ್ಯಾಹ್ನ, ಆಸ್ಪತ್ರೆ

ಹೇಳಲಿಲ್ಲ.

ಒಂದೇ ಏಟು. ಎರಡನೆಯದು ಬೇಕಾಗಲಿಲ್ಲ. ಯಮನೂರ ಕನ್ನಡಕ ಹಾಕಿಕೊಂಡಿದ್ದ. ಬೆವರಿಗೆ ಮಬ್ಬಾಯಿತು ಅಂತ ಹಣೆಗೇರಿಸಿದ. ನಾನು ನೋಡಿದೆ. ಸುತ್ತ ನಾಗವ್ವಾ ನಾಗವ್ವಾ ಅಂತ ಕೂಗು. ನೋಡಿಯೂ ಕೊಡಲಿ ಎತ್ತಿದೆ.

ಕತ್ತಿಯ ಚೂರು ಹಾರಿ ಅವನ ಬಲಗಣ್ಣು ಹೋಯಿತು. ಎಡಗಣ್ಣಿನ ವಿಷಯ ಸೋಮವಾರ ಗೊತ್ತಾಗುತ್ತದೆ ಅಂದರು ಡಾಕ್ಟರು. ಈಗ ಎರಡಕ್ಕೂ ಪಟ್ಟಿ.

ಶಶಿ ವಾರ್ಡಿನ ಹೊರಗೆ ಕೂತು ಅಳುತ್ತಾನೆ. "ತೆಳ್ಳಗೆ ಮಾಡ್ಬಿಟ್ಟೆ ಗುರು. ನಂದೇ ತಪ್ಪು." ಅವನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಮಾಡಿದೆ. ನಾನು! ಎಂಥ ಹೇಸಿ ಮನುಷ್ಯ. ಅತ್ತೆ ಹೊಳೆವ್ವ ಊರಿಂದ ಬಂದಿದ್ದಾಳೆ. "ನೀ ಹೊತಗೊಂಡ ಓಡಿಬಂದಿ ಅಂತ ನನ ಮಗ ಉಳದಾನಪ್ಪಾ" ಅಂತ ನನ್ನ ಗಲ್ಲ ಸವರಿದಳು. ಈಗ ಗಂಜಿ ತರಲು ಹೋಗಿದ್ದಾಳೆ.

ಯಮನೂರ ಮಲಗಿದ್ದಾನೆ ಅಂದುಕೊಂಡಿದ್ದೆ. ಇಲ್ಲ.

"ಏನ್ ಬರೀಲಿಕ್ಕತ್ತೀಯೋ? ಪೆನ್ನಿನ ಸಪ್ಪಳ ಕೇಳ್ತದ."

"ಏನಿಲ್ಲೋ. ಡೈರಿ."

"ಓದಿ ಹೇಳು. ಬ್ಯಾಸರ ಆಗೇದ. ನಿನ್ನ ನಾಗವ್ವಂದ ಇದ್ರೂ ನಡೀತದ."

ಅಕ್ಷರ ಸೊಟ್ಟ ಬೀಳುತ್ತಿವೆ. ಪುಟ ಅವನಿಗೆ ಕಾಣುವುದಿಲ್ಲ. ಏನು ಬೇಕಾದರೂ ಓದಬಹುದು. ಪರಮಾನಂದಣ್ಣನ ದೋಸ್ತನೂ ಹೀಗೇ ಮಂಚದ ಪಕ್ಕ ಕೂತಿದ್ದನೇನೋ. ಅವನೂ ನಾಳೆ ಹೇಳೋಣ ಅಂದುಕೊಂಡನೇನೋ.

"ಓದೋ ಸಿದ್ರಾಮ. ಮೊದಲಿಂದ ಓದು."

ಎರಡನೇ ತಾರೀಖಿನ ಸೋಮವಾರದ ಪುಟದಿಂದ ಶುರು ಮಾಡುತ್ತೇನೆ. ಬುಧವಾರದ ಪುಟ ಬಂದಾಗ ನಿಲ್ಲಿಸಬಾ—