ಸ್ವಾತಿಯ ಬಣ್ಣ

ಅರಸೀಕೆರೆ
14-6-2008

ಬಾಣಾವರದ ರುದ್ರಮ್ಮನವರಿಗೆ, ಫೋಟೊ ಸ್ಟುಡಿಯೊದ ತಿಮ್ಮೇಶನ ನಮಸ್ಕಾರಗಳು.

ತೀರಿಹೋದ ಸ್ವಾತಿಯ ಶಿವಗಣಾರಾಧನೆಗೆಂದು ಕಟ್ಟು ಹಾಕಿಸಿ ಕಳಿಸಿದ ಫೋಟೊವನ್ನು ನಿಮ್ಮ ಮೈದುನ ಜಯದೇವಪ್ಪನವರು ವಾಪಸು ತಂದರು. ‘ಇದ್ಯಾರ ಮನೆ ಬಿಳಿ ಹುಡ್ಗಿ ಕಣಪ್ಪಾ? ನನ್ನ ಮಗಳೆಲ್ಲವ್ಳೆ?’ ಎಂದು ನೀವು ಕೇಳಿದಿರಂತೆ.

ಗಂಡಿನ ಕಡೆಯವರಿಗೆ ಕಳಿಸುವ ಫೋಟೊಗಳಲ್ಲಿ ಹುಡುಗಿಯರ ಮುಖವನ್ನು ನಾವು ಬೆಳ್ಳಗೆ ಮಾಡುತ್ತೇವೆ. ಹೋದ ವರ್ಷ ಅವಳದನ್ನೂ ಮಾಡಿದೆ. ಅದನ್ನು ನೋಡಿ ಬಂದ ಮೂರು ಮನೆಯವರೂ ಅವಳನ್ನು ಕಂಡು ಕಾಫಿ ಕುಡಿಯದೆ ಎದ್ದುಹೋದರೆಂದು ನನಗೆ ತಿಳಿದದ್ದು ಮೊನ್ನೆ. ಮೊದಲಿನ ಫೋಟೊ ಉಳಿದಿಲ್ಲ. ಅದರ ಮೇಲೆಯೇ ತಿದ್ದಿ ಸೇವ್ ಮಾಡಿದ್ದೆ.

ನನ್ನ ಲ್ಯಾಪ್‌ಟಾಪಿನ ಪರದೆಯೂ ಎಲ್ಲವನ್ನೂ ನೀಲಿಯಾಗಿ ತೋರಿಸುತ್ತಿತ್ತು. ಪ್ರಿಂಟಾದ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಎರಡು ದಿನ ಕೂತು ಸರಿಮಾಡಿದ್ದೇನೆ. ಈಗ ಪರದೆಯಲ್ಲಿ ಕಂಡ ಬಣ್ಣವೇ ಕಾಗದಕ್ಕೂ ಬರುತ್ತದೆ. ಅವಳ ಬಣ್ಣ ಮಾತ್ರ ನನಗೆ ನೆನಪಿಲ್ಲ.

ಅವಳದು ನಿಮ್ಮದೇ ಬಣ್ಣ ಎಂದು ಜಯದೇವಪ್ಪನವರು ಹೇಳಿದರು. ಗುರುವಾರ ಬೆಳಗಿನ ರೈಲಿಗೆ ಬನ್ನಿ. ಹತ್ತು ಗಂಟೆಗೆ ಇಲ್ಲಿ ಕಿಟಕಿಯ ಬೆಳಕು ಚೆನ್ನಾಗಿರುತ್ತದೆ. ನೀವು ನನ್ನೊಡನೆ ಮಾತಾಡಬೇಕಿಲ್ಲ. ಪರದೆಯ ಪಕ್ಕ ಕೈಯಿಟ್ಟುಕೊಂಡು ಕುಳಿತಿದ್ದರೆ ಸಾಕು.

ಇಂತಿ,
ತಿಮ್ಮೇಶ್